ಸೊಪ್ಪು ಹಾಕಿದ ಕೈ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಹೇಳಿ ಅಭ್ಯಾಸವಿಲ್ಲ, ಬರೆದಂತೂ ಇಲ್ಲವೇ ಇಲ್ಲ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲು ಬರುವುದಿಲ್ಲ. ಹೇಳಿದ್ದನ್ನೇ ಬಿಡಿಸಿ ಬಿಡಿಸಿ ಹೇಳುತ್ತೇನೆ. ದೆವ್ವದ ಕತೆಗೆ ಅದು ಸಲ್ಲದು ಅಂತ ಗೊತ್ತು. ಆದರೆ ಇದು ನಮ್ಮ ಚಿಕ್ಕಪ್ಪನ ಮಗಳು ಸುಚಿತ್ರಾಳಿಗೆ ಆದದ್ದು. ಅವಳ ಬಾಯಿಂದಲೇ ಕೇಳಿದ್ದು. ಕೊನೆಯ ಭಾಗ ನಾನೇ ಕಂಡದ್ದು. ಇವತ್ತು ರಾತ್ರಿಯೇ ಬರೆದಿಡಬೇಕು, ಯಾಕೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಹುಳುಮನೆಯ ವಿಷಯ ಮೊದಲು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮದು ದೊಡ್ಡಮಳೂರು ದಾಟಿ ಒಳಗೆ ಹೋದರೆ ಸಿಗುವ ಊರು. ನಾವು ರೇಷ್ಮೆ ಹುಳ ಸಾಕುವವರು. ಹುಳ ಮನೆಗೆ ಬಂತೆಂದರೆ ಗೂಡು ಕಟ್ಟುವ ತನಕ ಸಾಕುವವರು ಎಲ್ಲಿಗೂ ಹೋಗುವಂತಿಲ್ಲ. ಮದುವೆಗೂ ಇಲ್ಲ, ಸಾವಿಗೂ ಇಲ್ಲ. ಹುಳ ಬೆಳೆಯುವಾಗ ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಆಮೇಲೆ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಹಸಿವೋ ಹಸಿವು. ಹಗಲು ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಸೊಪ್ಪು ಅಂದರೆ ಹಿಪ್ಪುನೇರಳೆ ಎಲೆ. ಆಗ ಹುಳುಮನೆಯ ಹೊರಗೆ ನಿಂತರೆ ಒಳಗೆ ಮಳೆ ಹನಿಯುತ್ತಿದೆಯೇನೋ ಅನ್ನಿಸುತ್ತದೆ. ಚರಚರಚರ... ಒಣ ತರಗಿನ ಮೇಲೆ ತುಂತುರು ಬಿದ್ದ ಹಾಗೆ. ಆ ಸದ್ದಿದ್ದರೆ ಹುಳ ಚೆನ್ನಾಗಿವೆ. ಸದ್ದು ನಿಂತರೆ ಸೊಪ್ಪು ಮುಗಿದಿದೆ.

ನಮ್ಮಜ್ಜಿ ಮಾರಕ್ಕನದೊಂದು ಕಟ್ಟುಪಾಡು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಯಾರ ಕೈ ಮೊದಲು ಸೊಪ್ಪು ಹಾಕಿತೋ ಅದೇ ಕೈ ಕೊನೇ ತನಕ ಹಾಕಬೇಕು. "ಕೈ ಬದ್ಲಾದ್ರೆ ಹುಳ ಹುಡುಕ್ತವೆ ಕಣ್ರಲಾ," ಅನ್ನುತ್ತಾಳೆ. ಹುಡುಕಿ ಏನು ಮಾಡುತ್ತವೆ ಅಂತ ನಾವು ಯಾರೂ ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಆ ಕೈ ಸುಚಿತ್ರಾಳದು. ಅವಳು ಸೊಪ್ಪು ಹಾಕಿದರೆ ಗೂಡು ಗಟ್ಟಿಯಾಗಿ ಬರುತ್ತದೆ ಅಂತ ಅಜ್ಜಿಯ ನಂಬಿಕೆ. ಅದಕ್ಕಾಗಿ ಕಾಲೇಜಿನ ಟೂರು ತಪ್ಪಿತು. ಜೀವದ ಗೆಳತಿಯ ಮದುವೆ ತಪ್ಪಿತು. ಬಿಡದಿಯ ಕಾರ್ಖಾನೆಗೆ ಸೇರಿದ ಮೇಲೂ ಅಷ್ಟೇ, ಬಸ್ಸಿಳಿದವಳು ನೇರ ಹುಳುಮನೆಗೆ. ಹೋದ ಬೇಸಿಗೆಯಲ್ಲಿ ಒಂದು ದಿನ ಕೈ ತೊಳೆಯುತ್ತಾ ಹೇಳಿದಳು:

"ಈ ಸಲ ಗೂಡು ಮಾರ್ಕೆಟ್ಟಿಗೆ ಹೋಗ್ತಿದ್ದಂಗೆ ನಾನೂ ಹೊಂಟೆ. ಒಬ್ಬಳೇ. ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು. ಹುಳ ಇಲ್ಲದಿರೋ ಊರಿಗೆ."

ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದಳು. "ಹುಳ ಇಲ್ದಿರೋ ಊರು ಯಾವುದಮ್ಮಿ? ಮಸಾಣವಾ?"

"ಬುಖಾರಾ."

"ಅದೆಲ್ಲೈತೆ? ಮಾಗಡಿ ಕಡೀಕಾ?"

"ಉಜ್ಬೇಕಿಸ್ತಾನ ಅಜ್ಜಿ. ವಿಮಾನದಾಗೆ ಹೋಗ್ಬೇಕು."

ಕುಟ್ಟಾಣಿಯ ಸದ್ದು ಒಂದು ಗಳಿಗೆ ನಿಂತಿತು. "ಒಬ್ಬಳೇ ಹೋದೋಳು ಒಬ್ಬಳೇ ಬಾ," ಅಂದಳು ಅಜ್ಜಿ. ಮತ್ತೆ ಕುಟ್ಟತೊಡಗಿದಳು.

ಸುಚಿತ್ರಾ ಆ ಊರನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಫೋಟೋಗಳಲ್ಲಿ ಬರೀ ಮಣ್ಣಿನ ಗೋಡೆ, ನೀಲಿ ಗುಮ್ಮಟ, ಸುತ್ತ ಮರುಭೂಮಿ. ಹಸಿರೇ ಇಲ್ಲ. ಸೊಪ್ಪು ಬೆಳೆಯುವ ಊರಲ್ಲ ಅಂದುಕೊಂಡಳು.

ವಿಮಾನವಿಳಿದು, ಅಲ್ಲಿಂದ ರೈಲು ಹಿಡಿದು ಬುಖಾರಾ ಮುಟ್ಟಿದಾಗ ಸಂಜೆ. ಮೊದಲ ಅನುಮಾನ ಅಲ್ಲಿನ ರಸ್ತೆಯ ಮೇಲೆ ಬಂತು. ಅಷ್ಟೊಂದು ಗಾಡಿ ಓಡಾಡುತ್ತಿವೆ, ಒಂದಕ್ಕೂ ಹಾರನ್ ಇಲ್ಲ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಗದ್ದಲ ಕೇಳಿ ಬೆಳೆದವಳಿಗೆ ಆ ಮೌನವೇ ಸರಿಹೋಗಲಿಲ್ಲ. ಇವರೆಲ್ಲ ಏನನ್ನೋ ಎಬ್ಬಿಸಬಾರದು ಅಂತ ಹೀಗೆ ಸದ್ದಿಲ್ಲದೆ ಹೋಗುತ್ತಿದ್ದಾರಾ ಅನ್ನಿಸಿತು. ಟ್ಯಾಕ್ಸಿಯವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ. ನಮ್ಮ ಕಡೆ ಟ್ಯಾಕ್ಸಿಯವರು ಹಾಗೆ ಮಾಡುವುದಿಲ್ಲವಲ್ಲ, ಅದಕ್ಕೇ ಇನ್ನೊಂದು ಗುಮಾನಿ. ನಂಬರ್ ಪ್ಲೇಟಿನ ಫೋಟೋ ತೆಗೆದು ನನಗೆ ಕಳಿಸಿದಳು. ಅವನು "ಹಿಂದುಸ್ತಾನ್?" ಅಂತ ಬಾಯಿ ತುಂಬ ನಕ್ಕ. ಫೋನಿನಲ್ಲಿ ಮತ್ತೊಂದು ಮೆಸೇಜು: "ಎಲ್ಲಾ ಚಿನ್ನದ ಹಲ್ಲು ಕಣಣ್ಣ."

"ನಿನ್ನ ಕಂಡು ಅವನೇ ಹೆದರ್ಕೊಂಡಿರ್ತಾನೆ ಬುಡಮ್ಮಿ," ಅಂತ ಬರೆದೆ.

ಅವಳು ಉಳಿದುಕೊಳ್ಳಲು ಗೊತ್ತುಮಾಡಿದ್ದು ಹಳೇ ಊರಿನ ಒಂದು ಮನೆ. ಗಾಡಿ ಹೋಗದ ಓಣಿ. ಎರಡೂ ಕಡೆ ಕಿಟಕಿಯಿಲ್ಲದ ಮಣ್ಣಿನ ಗೋಡೆ. ಬಾಗಿಲು ತೆಗೆದ ಹೆಂಗಸಿಗೆ ನಮ್ಮ ಚಿಕ್ಕಮ್ಮನಿಗಿಂತ ಹೆಚ್ಚು ವಯಸ್ಸು. ತಲೆಗೆ ಸ್ಕಾರ್ಫು, ಹೂವಿನ ನಿಲುವಂಗಿ. ಹೆಸರು ದಿಲ್ಶಾದ್ ಅಂದಳು. ರಾಮನಗರದ ಮಾರ್ಕೆಟ್ಟಿನಲ್ಲಿ ನಮ್ಮ ಗೂಡು ಕೊಳ್ಳುವ ನೂಲು ಬಿಚ್ಚುವವರ ಹೆಸರೂ ದಿಲ್ಶಾದ್. ಅವರು ಗಂಡಸು, ಇವಳು ಹೆಂಗಸು, ಆದರೂ ಸುಚಿತ್ರಾಳಿಗೆ ಒಸಿ ಧೈರ್ಯ ಬಂತು. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ದಿಲ್ಶಾದ್ ಪಾಸ್‌ಪೋರ್ಟ್ ಕೇಳಿದಳು. ಹೆಸರು ನೋಂದಾಯಿಸಿ ನಾಳೆ ಕೊಡುತ್ತೇನೆ ಅಂತ ಫೋನಿನಲ್ಲಿ ಟೈಪು ಮಾಡಿ, ಇಂಗ್ಲಿಷಿಗೆ ತಿರುಗಿಸಿ ತೋರಿಸಿದಳು. ಅವರಿಬ್ಬರ ಮಾತೆಲ್ಲ ಹೀಗೆ ಫೋನಿನಲ್ಲೇ. ಚಿಕ್ಕಮ್ಮ ಬಟ್ಟೆಯೊಳಗೆ ಹೊಲಿದುಕೊಟ್ಟಿದ್ದ ಚೀಲದಿಂದ ಪಾಸ್‌ಪೋರ್ಟ್ ತೆಗೆದ ಸುಚಿತ್ರಾ ಅದರದೂ ಒಂದು ಫೋಟೋ ಹಿಡಿದುಕೊಂಡೇ ಕೊಟ್ಟಳು. ಅದನ್ನು ಕೊಟ್ಟ ಮೇಲೆ ಅವಳು ಅಲ್ಲಿಂದ ಅಲ್ಲಾಡುವಂತಿಲ್ಲವಲ್ಲ. ಟೀ ಬಂತು. ದಿಲ್ಶಾದ್ ಕುಡಿಯುವ ತನಕ ಇವಳು ಮುಟ್ಟಲಿಲ್ಲ.

ಅವಳ ಕೋಣೆಯ ಪಕ್ಕದಲ್ಲೇ ಇನ್ನೊಂದು ಬಾಗಿಲು. ತಗ್ಗು ಬಾಗಿಲು, ಕರಿಗಟ್ಟಿದ ಮರ, ದಪ್ಪ ಬೀಗ. ದಿಲ್ಶಾದ್ ಅದರ ಕಡೆ ಬೆರಳು ತೋರಿಸಿ ಪಿಸುಗುಟ್ಟಿದಳು:

"ದರ್ವಾಜಾ... ನೇ."

ದರ್ವಾಜಾ ನಮ್ಮ ಕಡೆಯ ಮಾತೂ ಹೌದು. ನೇ ಅಂದರೆ ಬೇಡ ಅನ್ನುವುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ಊಟಕ್ಕೆಂದು ಹೊರಗೆ ಹೋದವಳು ಹಿಂದಿರುಗುವಾಗ ತಡವಾಯಿತು. ಊರ ನಡುವೆ ಒಂದು ಕೊಳ. ನಮ್ಮ ಕಲ್ಯಾಣಿಯ ಹಾಗೆ ಸುತ್ತಲೂ ಮೆಟ್ಟಿಲು. ದಂಡೆಯಲ್ಲಿ ಹಳೇ ಮರಗಳು, ಆಲದ ಮರದಷ್ಟು ದಪ್ಪ, ಕಾಂಡ ಪೊಳ್ಳು ಬಿದ್ದು ಒಳಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಮರದ ಕೆಳಗೆ ಹೋಗುವಾಗ ಅವಳ ಭುಜದ ಮೇಲೆ ಮೂರು ಸೀಳಿನ ಒಂದು ಎಲೆ ಬಿತ್ತು. ತೆಗೆದು ಎಸೆಯಲು ಹೋದಳು. ಬೆರಳಿಗೆ ಹಾಲು ಅಂಟಿತು.

ಮೂಸಿ ನೋಡಿದಳು.

ಸೊಪ್ಪು!

ನಾವು ಬೆಳೆ ಬೆಳೆಗೂ ಕತ್ತರಿಸುವುದರಿಂದ ನಮ್ಮಲ್ಲಿ ಹಿಪ್ಪುನೇರಳೆ ಸೊಂಟದೆತ್ತರ ದಾಟುವುದಿಲ್ಲ. ಬಿಟ್ಟರೆ ಅದು ಮರವಾಗುತ್ತದೆ. ಅವಳು ಅದನ್ನು ಮರವಾಗಿ ಕಂಡೇ ಇರಲಿಲ್ಲ. ಕೊಳದ ಸುತ್ತ ಅದೇ. ಬೀದಿಯುದ್ದಕ್ಕೂ ಅದೇ. ದಿಲ್ಶಾದಳ ಅಂಗಳದಲ್ಲಿ ಕತ್ತಲಲ್ಲಿ ಕಂಡಿದ್ದ ಮರವೂ... ಅದೇ ಇರಬೇಕು. ಯಾವುದರಿಂದ ತಪ್ಪಿಸಿಕೊಂಡು ಅಷ್ಟು ದೂರ ಹಾರಿ ಬಂದಳೋ, ಅದೇ ಅವಳಿಗೆ ಮೊದಲೇ ಬಂದು ಕಾಯುತ್ತಿದ್ದ ಹಾಗಿತ್ತು.

ಓಣಿಗೆ ತಿರುಗಿದಳು. ದೀಪವಿಲ್ಲ. ತನ್ನ ಚಪ್ಪಲಿಯ ಪಟಪಟ ಬಿಟ್ಟರೆ ಸದ್ದಿಲ್ಲ. ಆಗ ಮಳೆ ಹನಿಯಿತು. ಚರಚರ... ಚರಚರ... ಅಂಗೈ ಚಾಚಿದಳು. ಒಣಗಿತ್ತು. ಆಕಾಶದ ತುಂಬ ನಕ್ಷತ್ರ. ನಿಂತಳು, ಸದ್ದು ನಿಲ್ಲಲಿಲ್ಲ. ನಡೆದಳು, ಸದ್ದು ಹತ್ತಿರವಾಯಿತು. ದಿಲ್ಶಾದಳ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅದು ಮನೆಯೊಳಗಿತ್ತು.

ಕೋಣೆಗೆ ಹೋಗಿ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಳು. ಹಾಸಿಗೆಯ ತಲೆದೆಸೆಯ ಗೋಡೆಗೆ ಕಿವಿಯಿಟ್ಟಳು. ಆ ಕಡೆ, ಬೀಗ ಹಾಕಿದ ಕೋಣೆಯಲ್ಲಿ, ಸಾವಿರಾರು ಬಾಯಿ ಸೊಪ್ಪು ತಿನ್ನುತ್ತಿದ್ದವು. ಸದ್ದನ್ನು ಫೋನಿನಲ್ಲಿ ಹಿಡಿದು ನನಗೆ ಕಳಿಸಿದಳು. ನಾನು ಕೇಳಿದೆ. ನಾಲ್ಕನೇ ಜ್ವರ ಎದ್ದ ಹುಳ, ಅನುಮಾನವೇ ಇಲ್ಲ.

"ಅಲ್ಲಿಗ್ಹೋಗಿಯೂ ಹುಳುಮನೇಲೇ ಮಲಗಿದ್ದೀಯೇನಮ್ಮಿ?" ಅಂತ ಕೇಳಿ ನಕ್ಕೆ.

"ನಗಬೇಡ ಕಣಣ್ಣ. ಈಯಮ್ಮ ಕದ್ದು ಹುಳ ಸಾಕ್ತಾವ್ಳೆ. ಹಿಂದ್ಗಡೆ ಬಾಗ್ಲಿರ್ಬೇಕು. ಏನೋ ಮುಚ್ಚಿಡ್ತಾವ್ಳೆ."

ಬೆಳಿಗ್ಗೆ ಕೇಳಿಯೇಬಿಟ್ಟಳು. ದಿಲ್ಶಾದ್ ಟೀ ಬಟ್ಟಲು ಕೆಳಗಿಟ್ಟು ಫೋನು ಎತ್ತಿಕೊಂಡಳು. ಬಹಳ ಹೊತ್ತು ಟೈಪು ಮಾಡಿ ತೋರಿಸಿದಳು: ಆ ಕೋಣೆ ನನ್ನ ಅಮ್ಮನದು. ಅಮ್ಮ ಹುಳ ಸಾಕುತ್ತಿದ್ದಳು. ಹುಳಕ್ಕೆ ಹಸಿವು ಜಾಸ್ತಿಯಿದ್ದ ದಿನಗಳಲ್ಲೇ ತೀರಿಕೊಂಡಳು. ನಾವೆಲ್ಲ ಅಳುತ್ತ ಕೂತಿದ್ದೆವು, ಎಲೆ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಆಮೇಲೆ ಆ ಬಾಗಿಲು ತೆಗೆದಿಲ್ಲ. ನೀನು ಏನೂ ಕೇಳಿಸಿಕೊಂಡಿಲ್ಲ.

ಕೊನೆಯ ಮಾತನ್ನು ದಿಲ್ಶಾದ್ ಎರಡು ಸಲ ತೋರಿಸಿದಳು.

ಸುಚಿತ್ರಾ ನಂಬಲಿಲ್ಲ. ಬೀಗ ತುಕ್ಕು ಹಿಡಿದಿತ್ತು, ಅದರ ಮೇಲೆ ಜೇಡನ ಬಲೆಯಿತ್ತು, ಆದರೂ ನಂಬಲಿಲ್ಲ. ಪಾಸ್‌ಪೋರ್ಟ್ ಕೇಳಿದಳು. ಸಂಜೆಗೆ, ಅಂತ ಸನ್ನೆ. ಸಂಜೆ ಕೇಳಿದರೆ, ಬೆಳಿಗ್ಗೆಗೆ. ಅಲ್ಲಿಗೆ ಅವಳ ಲೆಕ್ಕ ಪಕ್ಕಾ ಆಯಿತು: ಈ ಹೆಂಗಸು ತನ್ನನ್ನು ಇಲ್ಲೇ ಉಳಿಸಿಕೊಳ್ಳಲು ನೋಡುತ್ತಿದ್ದಾಳೆ. ಬೆಳಕು ಹರಿದ ಕೂಡಲೇ ಪಾಸ್‌ಪೋರ್ಟ್ ಕಿತ್ತುಕೊಂಡಾದರೂ ಹೊರಡುವುದು ಅಂತ ಬ್ಯಾಗು ಕಟ್ಟಿ, ಬಟ್ಟೆ ಬದಲಾಯಿಸದೆ ಮಲಗಿದಳು.

ಚರಚರ ಶುರುವಾಯಿತು. ನಿಜ ಹೇಳಬೇಕೆಂದರೆ ಅವಳಿಗೆ ಅದು ಜೋಗುಳ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಕಣ್ಣು ಎಳೆಯಿತು.

ಆಮೇಲೆ ಎಚ್ಚರವಾಯಿತು. ಯಾಕೆ ಎಚ್ಚರವಾಯಿತೆಂದು ಮೊದಲು ತಿಳಿಯಲಿಲ್ಲ.

ಸದ್ದು ನಿಂತಿತ್ತು.

ಇದನ್ನು ಹುಳ ಸಾಕದವರಿಗೆ ಹೇಗೆ ತಿಳಿಸಲಿ? ತೊಟ್ಟಿಲ ಮಗು ಅತ್ತರೆ ತಾಯಿ ಏಳುತ್ತಾಳಲ್ಲ, ಹಾಗೆ ನಮಗೆ ಆ ಮೌನ. ಸೊಪ್ಪು ಮುಗಿದಿದೆ. ಹುಳ ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಾ ಕಾಯುತ್ತಿವೆ. ನಿದ್ದೆಗಣ್ಣಲ್ಲೇ ಎದ್ದು ಹಾಕುತ್ತೇವೆ. ಅವಳು ಎದ್ದು ಕೂತಳು. ಬೇಡ ಅಂತ ತನಗೇ ಹೇಳಿಕೊಂಡಳು. ನನ್ನ ಹುಳ ಅಲ್ಲ. ನನ್ನ ಮನೆ ಅಲ್ಲ...

ಗೋಡೆಯಾಚೆ ಯಾರೋ ಕೆಮ್ಮಿದರು. ಮುದುಕಿಯ ಕೆಮ್ಮು, ಒಣಗಿದ್ದು. ಆಮೇಲೆ ಹುಳ ಸಾಕುವ ಬಿದಿರಿನ ತಟ್ಟೆಯನ್ನು ಬೆರಳಿನಿಂದ ತಟ್ಟಿದ ಸದ್ದು. ಟಕ್... ಟಕ್. ಸೊಪ್ಪು ತರುವುದು ತಡವಾದರೆ ನಮ್ಮಜ್ಜಿ ತಟ್ಟುವುದು ಥೇಟ್ ಹೀಗೇ.

ಕುರ್ಚಿ ಸರಿಸಿದ್ದು ಅವಳಿಗೆ ನೆನಪಿದೆ. ಅಂಗಳದ ನೆಲ ತಣ್ಣಗಿದ್ದದ್ದು ನೆನಪಿದೆ. ಮರದ ಕೆಳಗಿನ ಕೊಂಬೆಯಿಂದ ಸೊಪ್ಪು ಕಿತ್ತದ್ದು ನೆನಪಿಲ್ಲ. ಕೈಗೆ ಅಭ್ಯಾಸ, ಕೈಯೇ ಕಿತ್ತಿತು ಅನ್ನುತ್ತಾಳೆ. ಆ ತಗ್ಗು ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದಿ. ಕುಕ್ಕರಗಾಲಲ್ಲಿ ಕೂತು ಒಂದು ಎಲೆಯನ್ನು ಸಂದಿಗಿಟ್ಟು ಒಳಗೆ ತಳ್ಳಿದಳು.

ಎಲೆ ಅರ್ಧ ಹೋಗಿ ನಿಂತಿತು.

ಆಮೇಲೆ ಒಳಗಿನಿಂದ ಯಾರೋ ಎಳೆದುಕೊಂಡರು. ಸರ್‌ರ್... ಮೆತ್ತಗೆ.

ಚರ್... ಚರ್... ಚರಚರಚರ.

ಮಿಕ್ಕ ಸೊಪ್ಪನ್ನೂ ತಳ್ಳಿದಳು. ಕೊನೆಯ ಎಲೆಗೆ ಅವಳ ಬೆರಳ ತುದಿ ಸಂದಿಯೊಳಗೆ ಹೋಯಿತು. ಅದರ ಮೇಲೆ ಒಂದು ಕೈ ಬಂದು ಕೂತಿತು. ಒಣ ಚರ್ಮ, ಆದರೆ ಬೆರಳುಗಳಲ್ಲಿ ಸೊಪ್ಪಿನ ಹಾಲಿನ ಅಂಟು. ಆ ಕೈ ಅವಳ ಬೆರಳನ್ನು ಮೆಲ್ಲಗೆ ತಟ್ಟಿತು. ಚೆನ್ನಾಗಿ ಹಾಕಿದೆ ಮಗಳೇ, ಅನ್ನುವ ಹಾಗೆ.

ಆಗ ಅವಳಿಗೆ ಅಜ್ಜಿಯ ಮಾತು ನೆನಪಾಯಿತು. ಯಾರ ಕೈ ಮೊದಲು ಹಾಕಿತೋ...

ಬೆಳಕು ಹರಿಯುವ ತನಕ ಅಂಗಳದ ನಡುವೆ ಬ್ಯಾಗು ತಬ್ಬಿ ಕೂತಿದ್ದಳು. ದಿಲ್ಶಾದ್ ಹೊರಗೆ ಬಂದಳು, ಕೈಯಲ್ಲಿ ಪಾಸ್‌ಪೋರ್ಟ್. ಅದನ್ನು ಕೊಡಲು ಬಂದವಳೇ ತಗ್ಗು ಬಾಗಿಲಿನ ಮುಂದೆ ಬಿದ್ದಿದ್ದ ಎಲೆಯ ತೊಟ್ಟುಗಳನ್ನು ಕಂಡಳು. ಸುಚಿತ್ರಾಳ ಬಲಗೈ ಹಿಡಿದು ಮೂಗಿನ ಹತ್ತಿರ ತಂದಳು. ಮೂಸಿದಳು. ಕೆಂಡ ಮುಟ್ಟಿದ ಹಾಗೆ ಬಿಟ್ಟಳು.

ಫೋನಿನಲ್ಲಿ ಬಂದದ್ದು ಇಷ್ಟೇ: ಇಷ್ಟು ವರ್ಷ ಅಮ್ಮ ಕರೆದರೂ ನಾನು ಎಲೆ ಕೊಟ್ಟಿರಲಿಲ್ಲ. ಈಗಲೇ ಹೋಗು. ಹಿಂದೆ ತಿರುಗಬೇಡ.

ಉಳಿಸಿಕೊಳ್ಳಲು ನೋಡುತ್ತಿದ್ದಾಳೆ ಅಂತ ಯಾರ ಮೇಲೆ ಅನುಮಾನಪಟ್ಟಿದ್ದಳೋ ಅವಳೇ ಓಣಿಯ ತುದಿಯ ತನಕ ಬ್ಯಾಗು ಹೊತ್ತು ತಂದು ಕಳಿಸಿದಳು. ಹೋಗುವಾಗ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದಳು. ಸುಚಿತ್ರಾ ಮತ್ತೆಲ್ಲೂ ನಿಲ್ಲಲಿಲ್ಲ. ನೋಡಬೇಕೆಂದುಕೊಂಡಿದ್ದ ಬೇರೆ ಊರುಗಳನ್ನೆಲ್ಲ ಬಿಟ್ಟು ಮನೆಗೆ ಬಂದಳು.

ಬಾಗಿಲಲ್ಲೇ ಅಜ್ಜಿ ಅವಳ ಬಲಗೈ ಹಿಡಿದಳು. "ಕೈ ತೊಳ್ಕೊಂಡಿಲ್ವಾ?"

"ಎಷ್ಟು ಸಲ ತೊಳೀಲಿ ಅಜ್ಜಿ."

"ಯಾರ ಮನೆ ಹುಳುಕ್ಕೆ ಸೊಪ್ಪು ಹಾಕ್ಬಂದೆ?"

ಸುಚಿತ್ರಾ ಕೈ ಬಿಡಿಸಿಕೊಂಡಳು. ಅಜ್ಜಿ ಅವಳ ಬೆನ್ನ ಹಿಂದೆ, ಖಾಲಿ ಬೀದಿಯನ್ನು ನೋಡಿದಳು. "ಒಬ್ಬಳೇ ಬಾ ಅಂದಿದ್ನಲ್ಲಮ್ಮಿ," ಅಂದಳು.

ಇನ್ನು ನಾನು ಕಂಡದ್ದು. ಆಗ ನಮ್ಮಲ್ಲಿ ಹುಳ ಇರಲಿಲ್ಲ. ಹುಳುಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಸುಣ್ಣ ಬಳಿದು, ಬೀಗ ಹಾಕಿದ್ದೆವು. ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಅವಳು ಬಂದ ರಾತ್ರಿಯೇ ನನಗೆ ತುಂತುರು ಮಳೆಯ ಸದ್ದು ಕೇಳಿಸಿ, ಒಣಹಾಕಿದ್ದ ಬಟ್ಟೆ ತೆಗೆಯಲು ಹೊರಗೆ ಬಂದೆ. ತಂತಿಯ ಮೇಲಿನ ನನ್ನ ಅಂಗಿ ಒಣಗಿತ್ತು. ಹುಳುಮನೆಯ ಕಲ್ಲಿನ ಮೆಟ್ಟಿಲ ಮೇಲೆ ಸುಚಿತ್ರಾ ಕೂತಿದ್ದಳು, ಮಡಿಲಲ್ಲಿ ಸೊಪ್ಪು.

"ಹತ್ರ ಬರ್ಬೇಡ ಕಣಣ್ಣ," ಅಂದಳು. ಒಂದೊಂದೇ ಎಲೆಯನ್ನು ಬಾಗಿಲ ಕೆಳಗೆ ಇಡುತ್ತಿದ್ದಳು. ಎಲೆ ತಾನಾಗಿ ಒಳಗೆ ಹೋಗುತ್ತಿತ್ತು.

ಅವತ್ತಿನಿಂದ ಇದು ನಡೆದೇ ಇದೆ. ನಮ್ಮ ಹುಳವಾಗಿದ್ದರೆ ತಿನ್ನುವುದು ಬಿಟ್ಟು, ಹಣ್ಣಾಗಿ, ಗೂಡು ಕಟ್ಟಿ ಬಿಡುಗಡೆ ಕೊಡುತ್ತಿದ್ದವು. ಇವು ಹಣ್ಣಾಗುವುದೇ ಇಲ್ಲ. ನಾವು ಹುಳ ತರುವುದು ನಿಲ್ಲಿಸಿದೆವು. ಸುಚಿತ್ರಾ ರಾತ್ರಿ ಪಾಳಿ ಬಿಟ್ಟಳು. ದೊಡ್ಡಮಳೂರಿನ ಆಚೆ ಒಂದು ರಾತ್ರಿಯೂ ಉಳಿದಿಲ್ಲ. ಮೈಸೂರಿಗೆ ಹೋದರೂ ಕತ್ತಲಾಗುವುದರೊಳಗೆ ವಾಪಸ್ಸು. ಪಾಸ್‌ಪೋರ್ಟು ಬೀರುವಿನಲ್ಲಿ ಬಟ್ಟೆಯ ಅಡಿಯಲ್ಲಿದೆ. ಮೊನ್ನೆ ಅದನ್ನು ಸುಮ್ಮನೆ ತೆಗೆದು ತಿರುವಿ ಹಾಕುತ್ತಾ ಕೂತಿದ್ದಳು. ನೋಡಲಾಗದೆ ನಾನೇ ಅಂದೆ: "ನೀನು ಹೋಗಮ್ಮಿ. ನಾನು ಹಾಕ್ತೀನಿ."

"ಕೈ ಬದ್ಲಾದ್ರೆ ಹುಡುಕ್ತವಂತಲ್ಲ ಕೆಂಪಣ್ಣ."

"ಹುಡುಕ್ಲಿ ಬುಡು. ನಾನೆಲ್ಲಿಗೆ ಹೋಯ್ತೀನಿ? ಇಲ್ಲೇ ಇರ್ತೀನಲ್ಲ."

ಅಜ್ಜಿಯನ್ನು ಕೇಳಿದೆವು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕುಟ್ಟಾಣಿ ಕುಟ್ಟುತ್ತಲೇ ಇದ್ದಳು. ಈಗ ಸುಚಿತ್ರಾಳ ಬ್ಯಾಗು ಜಗಲಿಯ ಮೇಲಿದೆ, ಬೆಳಿಗ್ಗೆ ಗಾಡಿ ಬರುತ್ತದೆ. ಇವತ್ತು ರಾತ್ರಿ ಬಾಗಿಲ ಕೆಳಗೆ ಹೋಗಬೇಕಾದದ್ದು ನನ್ನ ಕೈ. ಅದಕ್ಕೇ ಇದನ್ನು ಈಗಲೇ ಬರೆಯುತ್ತಿದ್ದೇನೆ.

ಇದೆಲ್ಲ ಕಟ್ಟುಕತೆ ಅನ್ನುವವರಿದ್ದಾರೆ. ಇಲ್ಲ, ಇದು ನಡೆದದ್ದು. ಮೊದಲ ರಾತ್ರಿಯ ಮಾರನೇ ಬೆಳಿಗ್ಗೆ ಅಜ್ಜಿ ಬೀಗ ತೆಗೆದಳು, ನಾನೇ ಒಳಗೆ ಹೋದೆ. ಒಂದೇ ಒಂದು ಹುಳ ಇಲ್ಲ. ಸುಣ್ಣದ ಗೋಡೆ, ತೊಳೆದ ನೆಲ, ನೆಲದ ನಡುವೆ ಅರ್ಧ ತಿಂದ ಒಂದು ಎಲೆ. ನಮ್ಮ ತೋಟದ್ದು ವಿ-ಒನ್ ತಳಿ, ಎಲೆ ಅಗಲ, ಅಂಚಿನಲ್ಲಿ ಸೀಳಿಲ್ಲ. ಅದು ಮೂರು ಸೀಳಿನ ಎಲೆ. ಅಂಥ ಗಿಡ ಸುತ್ತಮುತ್ತ ಎಲ್ಲೂ ಇಲ್ಲ. ಈಗಲೂ ನನ್ನ ಜೇಬಿನಲ್ಲಿದೆ, ಬೇಕಿದ್ದವರು ಬಂದು ನೋಡಬಹುದು. ಇಲಿ ತಿಂದಿರಬೇಕು ಅಂತ ನಮ್ಮ ಮಾವ ಅಂದರು. ಇಲಿ ಅಲ್ಲ, ಯಾಕೆಂದು ಹೇಳುತ್ತೇನೆ. ಇಲಿ ಕಡಿದರೆ ಎಲೆ ಚೂರುಚೂರಾಗಿ ಬೀಳುತ್ತದೆ. ಹುಳ ತಿಂದರೆ ಹಾಗಲ್ಲ, ಅಂಚಿನಿಂದ ಶುರುಮಾಡಿ ನರ ಮಾತ್ರ ಬಿಟ್ಟು, ಕುಡುಗೋಲಿನಲ್ಲಿ ಕೊಯ್ದ ಹಾಗೆ ಒಂದೇ ಸಮ... ತಾಳಿ, ಸುಚಿತ್ರಾ ಮೆಟ್ಟಿಲಿಂದ ಕರೆಯುತ್ತಿದ್ದಾಳೆ.

ಸದ್ದು ನಿಂತಿದೆಯಂತೆ.